ಎಕ್ಸೈಟೆಡ್, ಥ್ರಿಲ್ಡ್, ಈಗರ್: ಮೂರಕ್ಕೂ ‘ಉತ್ಸುಕ’ ಸಾಕೇ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ಶಿಬಿರದ ಬ್ಯಾನರ್ ಇವತ್ತು ಸಂಜೆ ಆರಕ್ಕೆ ಪ್ರಿಂಟಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಮೂರು ಸಾಲು ಕೊಟ್ಟಿದ್ದಾರೆ. ನಿಮ್ಮನ್ನು ಬರಮಾಡಿಕೊಳ್ಳಲು ನಾವು ‘ಎಕ್ಸೈಟೆಡ್’. ಹೋದ ವರ್ಷ ಬಹುಮಾನ ಬಂದಿದ್ದಕ್ಕೆ ‘ಥ್ರಿಲ್ಡ್’. ಮಕ್ಕಳು ಕಲಿಯಲು ‘ಈಗರ್’. ಮೂರಕ್ಕೂ ‘ಉತ್ಸುಕ’ ಹಾಕಿದೆ, ಸರ್ಕಾರಿ ಸುತ್ತೋಲೆ ಥರ ಆಯ್ತು. ಮೊದಲನೆಯದಕ್ಕೆ ‘ಉದ್ರಿಕ್ತ’ ಆಗುತ್ತದೆಯೇ?

> ‘ಉದ್ರಿಕ್ತ’ ಆಗುತ್ತದೆಯೇ?

ಖಂಡಿತ ಬೇಡ. ಪೇಪರಿನಲ್ಲಿ ಉದ್ರಿಕ್ತ ಜನ ಅಂದರೆ ಬಸ್ಸಿಗೆ ಕಲ್ಲು ಹೊಡೆಯುವವರು. ‘ಉದ್ರೇಕ’ವಂತೂ ಮಕ್ಕಳ ಶಿಬಿರದ ಹತ್ತಿರ ಸುಳಿಯಬಾರದು.

ಮೂರೂ ಒಂದೇ ಅಲ್ಲ. ಪ್ರವಾಸದ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುವ ಹುಡುಗ ಎಕ್ಸೈಟೆಡ್. ಬಹುಮಾನ ಬಂತು ಅಂತ ಫೋನ್ ಬಂದವನು ಥ್ರಿಲ್ಡ್, ಅದು ಹೆಚ್ಚಾಗಿ ಕೈಗೆ ಸಿಕ್ಕ ಮೇಲಿನ ಮಾತು. ಟೀಚರ್ ಬರುವ ಮೊದಲೇ ಬ್ರಷ್ ನೀರಿಗದ್ದಿ ಕೂತ ಹುಡುಗಿ ಈಗರ್. ಅಲ್ಲಿ ಕುಣಿತಕ್ಕಿಂತ ತವಕ ಜಾಸ್ತಿ. ಅದೇ ಜಾಗದಲ್ಲಿ ‘ಆಂಕ್ಷಸ್’ ಹಾಕಿದರೆ ಒಳಗೊಂದು ಅಳುಕು ಸೇರಿಕೊಳ್ಳುತ್ತದೆ.

ಅಂದ ಹಾಗೆ, ಥ್ರಿಲ್ ಅಂದರೆ ಮೊದಲು ಚುಚ್ಚಿ ತೂತು ಮಾಡುವುದು. ಮೂಗಿನ ಹೊಳ್ಳೆಗೆ ಇಂಗ್ಲಿಷಿನಲ್ಲಿ ನಾಸ್ಟ್ರಿಲ್ ಅನ್ನುತ್ತಾರಲ್ಲ, ಆ ಪದದ ಬಾಲದಲ್ಲಿರುವುದೂ ಅದೇ ತೂತು! ನಮಗೆ ಚುಚ್ಚುವುದಿಲ್ಲ, ಜುಮ್ಮೆನ್ನುತ್ತದೆ.

> ಮೂರಕ್ಕೂ ‘ಉತ್ಸುಕ’ ಹಾಕಿದೆ

ಕನ್ನಡದಲ್ಲಿ ಪದವೇ ಇಲ್ಲವೇನೋ ಅನ್ನುವ ಹಾಗೆ! ಹುರುಪು ಇದೆ, ನಲಿವು ಇದೆ. ‘ರೋಮಾಂಚನ’ ಯಾಕೆ, ಮೈನವಿರೇಳುವುದು ಇಲ್ಲವೇ? ಇನ್ನು ಯಾರಾದರೂ ‘ಉಮೇದು’ ಅಂತ ಬರುವ ಮೊದಲೇ ಹೇಳಿಬಿಡುತ್ತೇನೆ, ಅದು ಪಾರಸಿ. ಖುಷಿಯೂ ಅಷ್ಟೇ. ಎರವಲು ಬೇಡ.

> ಎರವಲು ಬೇಡ.

ಸರ್, ಧಾರವಾಡದ ಕಡೆ ಉಮೇದು ಮನೆಮಾತು. ಅದನ್ನು ತೆಗೆದರೆ ಚುನಾವಣೆಗೆ ನಿಂತ ಉಮೇದುವಾರ ಎಲ್ಲಿಗೆ ಹೋಗಬೇಕು? ಈಗರ್ ಫ್ರೆಂಚಿನಿಂದ ಬಂದಿದ್ದು, ವಿನೆಗರ್‌ನಲ್ಲಿರುವ ಹುಳಿಯೂ ಅದೇ ಪದ. ಎಂಥೂಸಿಯಾಸಂ ಗ್ರೀಕರದು. ಒಳಗೆ ದೇವರು ಹೊಕ್ಕ ಸ್ಥಿತಿ, ನಮ್ಮ ಮೈಮೇಲೆ ಬರುವುದಿದೆಯಲ್ಲ, ಹಾಗೆ. ಇಂಗ್ಲಿಷಿನವರು ಯಾವುದನ್ನೂ ವಾಪಸ್ ಕಳಿಸಲಿಲ್ಲ. ನಾವೂ ಸುಮ್ನೆ ಇಸಿದುಕೊಂಡು ಕೂತವರಲ್ಲ. ಸಂಸ್ಕೃತದಲ್ಲಿ ಸಂಭ್ರಮ ಅಂದರೆ ಗಡಿಬಿಡಿ, ಗಾಬರಿ. ಅದಕ್ಕೆ ಹೊಸ ಬಟ್ಟೆ ಉಡಿಸಿ ಹಬ್ಬದ ಮನೆಗೆ ಕರೆತಂದವರು ನಾವು.

> ಹೊಸ ಬಟ್ಟೆ ಉಡಿಸಿ

ಮದುವೆಮನೆಯ ಗಡಿಬಿಡಿ ನೋಡಿಲ್ಲವೇ? ಅರ್ಥ ಎಲ್ಲೂ ಹೋಗಿಲ್ಲ. ಪಾರಸಿಯ ವಕಾಲತ್ತು ಸಾಕು.

ಎಲ್ಲರಿಗೂ ಥ್ಯಾಂಕ್ಸ್, ಜಗಳ ಮುಂದುವರಿಸಿ. ಬ್ಯಾನರ್ ಹೋಯ್ತು. ಇಂಗ್ಲಿಷಿನ ಗುಣವಾಚಕಗಳನ್ನೇ ಕೈಬಿಟ್ಟೆ. “ಬನ್ನಿ, ನಿಮ್ಮ ದಾರಿ ಕಾಯುತ್ತಿದ್ದೇವೆ.” “ಬಹುಮಾನ ಬಂದಾಗಿನಿಂದ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.” “ಮಕ್ಕಳು ಕಲಿಯಲು ತುದಿಗಾಲಲ್ಲಿ ನಿಂತಿದ್ದಾರೆ.” ಪ್ರೆಸ್ಸಿನವರು ಓದಿ, “ಡ್ಯಾನ್ಸ್ ಕ್ಲಾಸಾ ಮೇಡಂ?” ಅಂದರು. ಅಲ್ಲ, ಚಿತ್ರಕಲೆ.