43 ಮೀಟರಿನ ಕಟ್ಟಡವನ್ನು ‘ಗಗನಚುಂಬಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ ‘ವಿಟೆ ಹಾಯ್ಸ್’ ಎಂಬ ಹಳೆಯ ಕಟ್ಟಡವಿದೆ. ಅದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕು.

ಹೆಸರಿನ ಅರ್ಥ ‘ಬಿಳಿ ಮನೆ’. ‘ಶ್ವೇತಭವನ’ ಅಂತ ಬರೆದರೆ ಓದುವವರು ಸೀದಾ ವಾಷಿಂಗ್ಟನ್‌ಗೆ ಹೋಗಿಬಿಡುತ್ತಾರೆ. ಅದಕ್ಕೇ ಡಚ್ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ತೊಡಕಿರುವುದು ‘ಗಗನಚುಂಬಿ’ ಪದದಲ್ಲಿ. 1898ರಲ್ಲಿ ಮುಗಿದ ಈ ಕಟ್ಟಡದ ಎತ್ತರ 43 ಮೀಟರ್, ಮಹಡಿಗಳು 10. ಇದನ್ನು ಯುರೋಪಿನ ಮೊದಲ ಗಗನಚುಂಬಿ ಅಂತ ಹೇಳುವುದುಂಟು. ಇವತ್ತಿನ ಕಣ್ಣಿಗೆ ಇದು ಅಷ್ಟೇನೂ ಎತ್ತರವಲ್ಲ, ಅಲ್ವಾ? ಆದರೆ ನೆಲ ಎಂಥದ್ದು ನೋಡಿ. ಬಂದರಿನ ಪಕ್ಕದ ಮೆತ್ತನೆಯ ಮಣ್ಣು. ಭಾರ ತಡೆಯಲು ಮೊದಲು 1,000 ಕಂಬಗಳನ್ನು ನೆಲಕ್ಕೆ ಬಡಿದು ಇಳಿಸಿದರು. ಅಲ್ಲಿ ಇಷ್ಟು ಎತ್ತರಕ್ಕೆ ಕಟ್ಟಿದ್ದೇ ದೊಡ್ಡ ಧೈರ್ಯ. ಹಾಗಾಗಿ ಆ ಕಾಲದ ಜನರ ಕಣ್ಣಿಂದ ನೋಡಿ ‘ಗಗನಚುಂಬಿ’ ಅನ್ನುವುದೇ ಸರಿ ಅಂತ ನನಗನಿಸುತ್ತದೆ.

ಇದಕ್ಕೊಂದು ಆಕ್ಷೇಪವೂ ಇದೆ. ಷಿಕಾಗೊದಲ್ಲಿ 1885ರಲ್ಲಿ ಎದ್ದ ಹೋಮ್ ಇನ್ಶೂರೆನ್ಸ್ ಕಟ್ಟಡಕ್ಕೂ 10 ಮಹಡಿಯೇ. ಅಲ್ಲಿ ಭಾರ ಹೊತ್ತಿದ್ದು ಮುಖ್ಯವಾಗಿ ಕಬ್ಬಿಣ, ಉಕ್ಕಿನ ಚೌಕಟ್ಟು. ಗಗನಚುಂಬಿ ಅಂದರೆ ಇಂಥ ಚೌಕಟ್ಟು ಇರಲೇಬೇಕು ಅನ್ನುವವರಿದ್ದಾರೆ. ವಿಟೆ ಹಾಯ್ಸ್‌ನಲ್ಲೂ ಕಬ್ಬಿಣ, ಉಕ್ಕು, ಕಾಂಕ್ರೀಟ್ ಇವೆ. ಆದರೂ ವಾಸ್ತುಶಿಲ್ಪಿ ವಿಲೆಮ್ ಮೋಲೆನ್‌ಬ್ರೂಕ್ ನಂಬಿದ್ದು ಗೋಡೆಯನ್ನೇ. ಬಲ ಸಾಲಲೆಂದು ಒಳಗೂ ಎರಡು ದಪ್ಪ ಗೋಡೆ ಕಟ್ಟಿಸಿದ. ಷಿಕಾಗೊದಲ್ಲೇ ಮೊನಾಡ್‌ನಾಕ್ ಕಟ್ಟಡದ ಹಳೆಯ ಭಾಗವೂ ಇಟ್ಟಿಗೆ ಗೋಡೆಯ ಮೇಲೆ 16 ಮಹಡಿ ನಿಂತಿದೆ. ಬುಡದಲ್ಲಿ ಆ ಗೋಡೆ ಆರು ಅಡಿ ದಪ್ಪ! ಅದನ್ನು ಗಗನಚುಂಬಿ ಅನ್ನುವುದಾದರೆ ಇದನ್ನು ಯಾಕೆ ಬಿಡಬೇಕು?

1940ರ ಮೇ 14ರಂದು ಜರ್ಮನ್ ಬಾಂಬ್ ದಾಳಿಗೆ ಊರಿನ ನಡುಭಾಗವೆಲ್ಲ ಸುಟ್ಟುಹೋಯಿತು. ಈ ಬಿಳಿ ಕಟ್ಟಡ ಉಳಿಯಿತು. ಇದನ್ನೂ ಲೇಖನದಲ್ಲಿ ಸೇರಿಸಿದ್ದೇನೆ.

ಈಗ ನನ್ನ ಪ್ರಶ್ನೆ. ಭಾರವನ್ನು ತಾನೇ ಹೊರುವ ಗೋಡೆಗೆ ಕಟ್ಟಡ ಕೆಲಸದವರು ‘ಲೋಡ್ ಬೇರಿಂಗ್’ ಅಂತಲೇ ಹೇಳುವುದನ್ನು ಕೇಳಿದ್ದೇನೆ. ‘ಭಾರಧಾರಕ ಗೋಡೆ’ ಬಾಯಿಗೆ ಒಗ್ಗುವುದಿಲ್ಲ. ‘ಹೊರೆಗೋಡೆ’ ಅಂದರೆ ಅರ್ಥವಾಗುತ್ತದೆಯೇ? ನಿಮ್ಮ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಪಾಯಕ್ಕೆ ಬಡಿದು ಇಳಿಸುವ ಕಂಬಕ್ಕೂ ಒಂದು ಹೆಸರು ಬೇಕಾಗಿದೆ.