ಹಸು ಮೊದಲೋ, ಹಿತ್ತಿಲು ಮೊದಲೋ?

ಬೇಣದಂಚು:
ಹೊಸನಗರ ತಾಲ್ಲೂಕಲ್ಲಿ 30 ಗುಂಟೆ ಜಾಗ. 10 ಗುಂಟೆ ಹಳೇ ಅಡಿಕೆ, ಮನೆ ಸುತ್ತ 5 ಗುಂಟೆ ಹಿತ್ತಿಲು, ಉಳಿದ 15 ಗುಂಟೆ ಬೇಣ (ಹುಲ್ಲುಗಾವಲು). ಮಕ್ಕಳಿಗೆ 9 ಮತ್ತು 5 ವರ್ಷ. ಜನವರಿಗೆ ವಾಸಕ್ಕೆ ಬರ್ತೀವಿ. ಮೊದಲ ವರ್ಷ ಒಂದೇ ದೊಡ್ಡ ಖರ್ಚು ಸಾಧ್ಯ. ಒಂದೋ ಕೊಟ್ಟಿಗೆ ಕಟ್ಟಿ ಎರಡು ಮಲೆನಾಡು ಗಿಡ್ಡ ಹಸು ತರೋದು, ಇಲ್ಲಾ ಹಿತ್ತಿಲಿಗೆ ಬೇಲಿ ಹಾಕಿ ತರಕಾರಿ, ಕೋಳಿಗೂಡು ಮಾಡೋದು. ಹಸು ಬಂದ್ರೆ ಗೋಬರ್ ಗ್ಯಾಸೂ ಆಗುತ್ತೆ, ಸಿಲಿಂಡರ್ ಉಳಿಯುತ್ತೆ ಅನ್ನೋದು ಮನೆಯವರ ಲೆಕ್ಕ. ಯಾವುದು ಮೊದಲು ಮಾಡಲಿ?

ಕೊಟ್ಟಿಗೆಮನೆ:
ಹಸು ಮೊದಲು. ಹಾಲಿಗಾಗಿ ಅಲ್ಲ, ಗೊಬ್ಬರಕ್ಕಾಗಿ. ನಮ್ಮ ಕಡೆ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತೆ, ವರ್ಷಾವರ್ಷ ಗೊಬ್ಬರ ಬೀಳದಿದ್ರೆ ಬಸಳೆಯೂ ಚಪ್ಪರ ಹತ್ತಲ್ಲ. ಗಿಡ್ಡಕ್ಕೆ ಹಿಂಡಿ, ಬೂಸಾ ಸುರಿಯೋದು ಬೇಡ. ಎರಡು ಹಸು ಇದ್ರೆ ಜೀವಾಮೃತ ಅನ್ನೋ ದ್ರವ ಗೊಬ್ಬರಕ್ಕೆ ಬೇಕಾದ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ ಎರಡು ಮೂರು ದಿನದಲ್ಲಿ ಕೂಡುತ್ತೆ. ಅದಕ್ಕೆ 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ತೋಟದ ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಹಿತ್ತಿಲು ಆಮೇಲೆ ತಾನಾಗೇ ಏಳುತ್ತೆ.

ಹಾಳೆಟೋಪಿ:
ಗೊಬ್ಬರದ ಮಾತು ಒಪ್ಪಿದೆ. ಆದ್ರೆ ಗ್ಯಾಸಿನ ಲೆಕ್ಕ ಮಾತ್ರ ಕೂಡೋದಿಲ್ಲ ಮಾರಾಯ್ರೆ, ಅದನ್ನ ನಂಬಿ ಗುಂಡಿ ತೋಡಬೇಡಿ. ಒಂದು ಕೆಜಿ ಹಸಿ ಸಗಣಿಯಿಂದ ಬರೋದು ಸುಮಾರು 40 ಲೀಟರ್ ಗ್ಯಾಸ್. ಮನೆಬಳಕೆಯ 2 ಘನ ಮೀಟರ್ ಘಟಕಕ್ಕೆ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಹಗಲು ಮೇಯೋಕೆ ಹೋದ ಗಿಡ್ಡ ಅರ್ಧ ಸಗಣಿ ಬೇಣದಲ್ಲೇ ಹಾಕಿ ಬರುತ್ತೆ. ರಾತ್ರಿ ಕೊಟ್ಟಿಗೆಯಲ್ಲಿ ಎರಡಕ್ಕೂ ಸೇರಿ 6 ಕೆಜಿ ಸಿಕ್ಕಿದ್ರೆ 240 ಲೀಟರ್ ಗ್ಯಾಸ್. ಒಂದು ಒಲೆ ಗಂಟೆಗೆ 450 ಲೀಟರ್ ಕುಡಿಯುತ್ತೆ, ಅಂದ್ರೆ ಅರ್ಧ ಗಂಟೆ ಚಿಲ್ರೆ ಉರಿ. ಜುಲೈ ಚಳಿಗೆ ಅದೂ ಇಳಿಯುತ್ತೆ. ಐದಾರು ದೊಡ್ಡ ಮಿಶ್ರತಳಿ ಹಸು ಇರುವ ಮನೆಗೆ ಮಾತ್ರ ಆ ಘಟಕ ಸರಿ.

ಸಿಲಿಂಡರ್ ಉಳಿಸಬೇಕು ಅಂದ್ರೆ ಬಚ್ಚಲ ಹಂಡೆ ಒಲೆ ಮೊದಲು ನೋಡಿ. ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಕರಟ ಸಾಕು. ಅಡುಗೆಗೆ ಚಿಮಣಿ ಇರುವ ಅಸ್ತ್ರ ಒಲೆ ಕಟ್ಟಿಸಿ, ಮಕ್ಕಳ ಕಣ್ಣಿಗೂ ಎದೆಗೂ ಹೊಗೆ ತಾಗಬಾರದು. ಸೌದೆ ಮಾರ್ಚ್ ಒಳಗೆ ಸೀಳಿ, ಕಲ್ಲಿನ ಮೇಲೆ ಒಂದು ಅಡಿ ಎತ್ತರದಲ್ಲಿ, ಸೂರಿನಡಿ ಒಟ್ಟಬೇಕು. ಮೇ ತಿಂಗಳಲ್ಲಿ ಸೀಳಿದ ಸೌದೆ ಮಳೆಗಾಲ ಪೂರ್ತಿ ಹೊಗೆಯಾಡುತ್ತೆ.

ಪಶು ಮಿತ್ರ:
ಗಿಡ್ಡದ ಬಗ್ಗೆ ಎರಡೂ ಕಡೆ ಅತಿ ಆಗಬಾರದು. 2012ರಲ್ಲಿ ಅಧಿಕೃತ ತಳಿಯಾಗಿ ನೋಂದಣಿಯಾದ ಹಸು ಇದು. ನಮ್ಮ ಮಳೆ, ಕೆಸರು, ಗುಡ್ಡಕ್ಕೆ ಹೇಳಿ ಮಾಡಿಸಿದ್ದು, ಕಾಲಿನ ಗೊರಸು ಕೊಳೆಯೋದು ಕಡಿಮೆ. ಆದ್ರೆ ಹಾಲು ದಿನಕ್ಕೆ 2 ಲೀಟರ್ ಆಸುಪಾಸು, ಅದರಲ್ಲಿ ಕರುವಿನ ಪಾಲೂ ಇದೆ. ಕರು ಮುಂದಿಲ್ಲದೆ ಸೊರೆ ಬಿಡೋದಿಲ್ಲ. ಆರೆಂಟು ತಿಂಗಳಾದ ಮೇಲೆ ಬತ್ತುತ್ತೆ, ಮುಂದಿನ ಕರುವಿನ ತನಕ ಹಾಲು ಹೊರಗಿಂದಲೇ ತರಬೇಕು. ತರೋದಾದ್ರೆ ಎರಡನೇ ಸೂಲಿನದ್ದು, ಕರು ಜೊತೆಗಿರುವುದನ್ನೇ ತನ್ನಿ. ಮಾರುವವರ ಕೊಟ್ಟಿಗೆಗೇ ಎರಡು ಹೊತ್ತು ಹೋಗಿ ಕರೆಯೋದು ನೋಡಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಇಲಾಖೆಯವರು ಹಾಕ್ತಾರೆ, ಹಸು ಬಂದ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮಕ್ಕಳಿಗೆ ಹಸಿ ಹಾಲು ಕೊಡಲೇಬೇಡಿ, ಉಕ್ಕಿಸಿಯೇ ಕೊಡಿ.

ಇನ್ನು ಮೇವು. 120 ಕೆಜಿ ತೂಗುವ ಹಸುವಿಗೆ ದಿನಕ್ಕೆ ಮೂರೂವರೆ ಕೆಜಿ ಒಣಮೇವಿನಷ್ಟು ಬೇಕು. ಮಳೆಗಾಲದ ಹಸಿಹುಲ್ಲು ಬರೀ ನೀರು, ರಾತ್ರಿಗೆ ಅರ್ಧ ಪಾಲಾದ್ರೂ ಒಣಹುಲ್ಲು ಹಾಕಬೇಕು. ಎರಡು ಹಸುವಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 430 ಕೆಜಿ ಹತ್ತಿರ. ಫೆಬ್ರುವರಿಯಿಂದ ಮೇವರೆಗೆ ಬೇಣ ಒಣಗಿರುತ್ತೆ, ಎರಡಕ್ಕೂ ಸೇರಿ ದಿನಕ್ಕೆ 5 ಕೆಜಿಯಂತೆ 600. ಒಟ್ಟು ಒಂದು ಟನ್. ನೀವು ಬರೋದು ಜನವರಿಗೆ, ಬೇಣದ ಕರಡ (ಬಲಿತು ಒಣಗಿದ ಹುಲ್ಲು) ಕೊಯ್ಯುವ ಕಾಲ ಅಷ್ಟರಲ್ಲಿ ಮುಗಿದಿರುತ್ತೆ. ಮೊದಲ ವರ್ಷದ ಅಷ್ಟೂ ಹುಲ್ಲು ದುಡ್ಡು ಕೊಟ್ಟೇ ಆಗಬೇಕು.

ಕೊಟ್ಟಿಗೆಮನೆ:
ಅಡಿಕೆ ಹಾಳೆ ಮರೆತ್ರಿ ಸಾರ್. 10 ಗುಂಟೇಲಿ 130 ಮರ ಇದ್ರೂ ಮರಕ್ಕೆ ವರ್ಷಕ್ಕೆ ಆರು ಹಾಳೆ ಬೀಳುತ್ತೆ, ಎಂಟುನೂರಕ್ಕೆ ಹತ್ತಿರ. ಸೀಳಿ, ಕೊಚ್ಚಿ, ನೀರಲ್ಲಿ ನೆನೆಸಿ, ಸ್ವಲ್ಪ ಉಪ್ಪು ಬೆಲ್ಲದ ನೀರು ಚಿಮುಕಿಸಿದ್ರೆ ಹಸು ಬಿಡೋದೇ ಇಲ್ಲ. ಕೊಟ್ಟಿಗೆಗೆ ಹಾಸೋಕೆ ಕಾಡಿನ ದರಗು (ಒಣ ಎಲೆ) ಪುಕ್ಕಟೆ. ಮಕ್ಕಳನ್ನ ಕರ್ಕೊಂಡು ಹೋದ್ರೆ ಒಂದು ಭಾನುವಾರಕ್ಕೆ ಹತ್ತು ಕಲ್ಲಿ (ಹಗ್ಗದ ಬಲೆಚೀಲ) ತುಂಬುತ್ತೆ.

ಪಶು ಮಿತ್ರ:
ಹಾಳೆ ಸರಿ. ಬಿದ್ದ ದಿನವೇ ಎತ್ತಿ ಒಣಗಿಸಿದ್ದು ಮಾತ್ರ. ಮಳೆಗಾಲದಲ್ಲಿ ಬಿದ್ದದ್ದಕ್ಕೆ ಬೂಸ್ಟು ಹಿಡಿಯುತ್ತೆ, ಅಡಿಕೆಗೆ ಹೊಡೆಯುವ ಮೈಲುತುತ್ತದ ನೀಲಿ ಕಲೆ ಇದ್ರೆ ಅದೂ ಬೇಡ. ಹಾಗಾಗಿ ಎಂಟುನೂರರಲ್ಲಿ ಅರ್ಧ ಅಂತ ಇಟ್ಕೊಳ್ಳಿ.

ಸೊರಬದಕ್ಕ:
ದರಗಿಗೆ ಮಕ್ಕಳನ್ನ ಕರ್ಕೊಂಡು ಹೋಗೋ ಮಾತು ದಯವಿಟ್ಟು ಬಿಡಿ ಅಣ್ಣ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ದರಗು ಗುಡಿಸೋದೂ ಅದೇ ತಿಂಗಳಲ್ಲಿ. ರೋಗ ದಾಟಿಸುವ ಮರಿ ಉಣುಗು (ರಕ್ತ ಹೀರುವ ಉಣ್ಣೆ) ಎಳ್ಳಿಗಿಂತ ಸಣ್ಣ, ಒಣಗಿದ ಎಲೆ ಅಡಿಯಲ್ಲೇ ಇರುತ್ತೆ, ಮಗುವಿನ ಮೈಯಲ್ಲಿ ಕಂಡುಹಿಡಿಯೋದು ಕಷ್ಟ. ಕಾಡಿಗೆ ಮೇಯೋಕೆ ಹೋದ ದನವೂ ಮನೆಗೆ ಉಣುಗು ತರುತ್ತೆ. ದೊಡ್ಡವರು ಹೋಗಲೇಬೇಕಾದ್ರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಪ್ಯಾಂಟನ್ನ ಸಾಕ್ಸ್ ಒಳಗೆ ತೂರಿಸಿ ಹೋಗಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಮೈಗೆ ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಇಲಾಖೆಗೆ ಹೇಳಿ. ಹಾಸೋಕೆ ತೋಟದ ಸೋಗೆ ಸಾಕಾಗುತ್ತೆ.

ಕೊಟ್ಟಿಗೆಮನೆ:
ಒಪ್ಪಿದೆ ಅಕ್ಕ. ಮಕ್ಕಳ ಮಾತು ಹಿಂದೆ ತಗೊಂಡೆ.

ಬಸಳೆಚಪ್ಪರ:
ನನ್ನ ಮತ ಹಿತ್ತಿಲಿಗೆ. ಗೊಬ್ಬರ ಬೇಕು ಅಂತ ಹಸುವನ್ನೇ ಕಟ್ಟಬೇಕಾಗಿಲ್ಲ, ಮೊದಲ ವರ್ಷ ಊರಲ್ಲೇ ಒಂದು ಟ್ರ್ಯಾಕ್ಟರ್ ಹಳೇ ಗೊಬ್ಬರ ಕೊಳ್ಳಬಹುದು. 5 ಗುಂಟೇನೂ ಒಮ್ಮೆಗೇ ಅಗೆಯಬೇಡಿ. ನಾಲ್ಕು ಜನಕ್ಕೆ ಒಂದೂವರೆ ಗುಂಟೆ ಧಾರಾಳ.

ಏಪ್ರಿಲ್ ಕೊನೆಗೆ ಗುಂಟೆಗೆ 5 ಕೆಜಿ ಕೃಷಿ ಸುಣ್ಣ ಹಾಕಿ ಮಣ್ಣಲ್ಲಿ ಬೆರೆಸಿ. ಗೊಬ್ಬರ ಹಾಕೋದು ಎರಡು ಮೂರು ವಾರ ಬಿಟ್ಟು. ಸುಣ್ಣ, ಬೂದಿ, ಹಸಿ ಸಗಣಿ ಒಟ್ಟಿಗೆ ಕಲಸಿದ್ರೆ ಸಾರಜನಕ ಬಹಳಷ್ಟು ಅಮೋನಿಯ ಆಗಿ ಹಾರಿಹೋಗುತ್ತೆ, ಮೂಗಿಗೇ ಗೊತ್ತಾಗುತ್ತೆ. ಮಡಿ 3 ಅಡಿ ಅಗಲ, ಒಂದು ಅಡಿ ಎತ್ತರ, ಇಳಿಜಾರಿಗೆ ಅಡ್ಡವಾಗಿರಲಿ, ಆದ್ರೆ ಕಾಲುವೆ ಸ್ವಲ್ಪ ಓರೆಯಾಗಿ ಇಳಿದು ನೀರು ಹೊರಗೆ ಹೋಗಲಿ. ನಮ್ಮ ಕಡೆ ಗಿಡ ಸಾಯೋದು ನೀರಿಲ್ಲದೆ ಅಲ್ಲ, ಬೇರು ಕೊಳೆತು. ಬೆಂಡೆ, ಅಲಸಂದೆ, ಹೀರೆ, ಮಗೆ ಸೌತೆ ಬೀಜ ಮೇ ಕೊನೇ ವಾರ ಊರಿ. ದೊಡ್ಡ ಮಳೆ ಹಿಡಿಯೋದರೊಳಗೆ ಗಿಡ ಗೇಣುದ್ದ ಆಗಿರಬೇಕು, ತಡವಾದ್ರೆ ಮೊಳಕೆಯಲ್ಲೇ ಕರಗುತ್ತೆ.

ಮಂಗಕ್ಕೆ ಬೇಲಿ ಲೆಕ್ಕಕ್ಕಿಲ್ಲ. ದೂರದ ಮಡಿಗೆ ಅರಿಶಿನ, ಶುಂಠಿ, ಕೆಸು, ಸುವರ್ಣಗೆಡ್ಡೆ, ಹಾಗಲ. ಸೌತೆ, ಬೆಂಡೆ ಅಡುಗೆಮನೆ ಬಾಗಿಲಿಗೆ ಕಾಣುವಷ್ಟು ಹತ್ತಿರ. ಬೇಲಿಗೆ ಗ್ಲಿರಿಸಿಡಿಯಾ ಗೂಟ, 4 ಅಡಿ ಉದ್ದದ್ದು, ಒಂದೂವರೆ ಅಡಿಗೊಂದು, ಜೂನ್ ಮೊದಲ ಮಳೆಗೆ ಊರಿದ್ರೆ ಎರಡನೇ ವರ್ಷದಿಂದ ಸೊಪ್ಪು ಗೊಬ್ಬರ ಅದರಲ್ಲೇ ಸಿಗುತ್ತೆ.

ಮಕ್ಕಳಿಗೆ ಒಳ್ಳೇ ಕೆಲಸ ಅಂದ್ರೆ ಮಗೆ ಸೌತೆ ಕಟ್ಟೋದು. ತೊಟ್ಟು ಎರಡು ಇಂಚು ಉಳಿಸಿ ಕೊಯ್ದು, ಬಾಳೆ ನಾರನ್ನ ಕಾಯಿಯ ಸುತ್ತ ಮೇಲೊಂದು ಕೆಳಗೊಂದು ಸುತ್ತು ಹಾಕಿ, ಒಂದಕ್ಕೊಂದು ತಾಗದ ಹಾಗೆ ಅಟ್ಟದ ಗಳುವಿಗೆ ನೇತುಹಾಕಬೇಕು. ವಾರಕ್ಕೊಮ್ಮೆ 9 ವರ್ಷದವರು ಕೆಳಗಿನ ತುದಿಯನ್ನ ಹೆಬ್ಬೆರಳಲ್ಲಿ ಒತ್ತಿ ನೋಡಲಿ, ಮೆತ್ತಗಾದದ್ದು ಅವತ್ತೇ ಹುಳಿಗೆ. ಗಟ್ಟಿ ಇದ್ದದ್ದು ತಿಂಗಳುಗಟ್ಟಲೆ ಬರುತ್ತೆ.

ಹಾಳೆಟೋಪಿ:
ಕೋಳಿ ಮತ್ತೆ ತರಕಾರಿ ಒಂದೇ ಬೇಲಿಯೊಳಗೆ ಇಟ್ರೆ ಒಂದೇ ದಿನದಲ್ಲಿ ಮಡಿ ಕೆದಕಿ ಹಾಳಾಗುತ್ತೆ. ಆರು ಹೇಟೆ, ಒಂದು ಹುಂಜ ಸಾಕು. ಗೂಡು 4 ಅಡಿಗೆ 4 ಅಡಿ, ನೆಲದಿಂದ ಎರಡೂವರೆ ಅಡಿ ಮೇಲೆ. ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್ ಆಗಲಿ. ತೆಳು ಕೋಳಿ ಜಾಲರಿಯನ್ನ ಕಬ್ಬೆಕ್ಕು ಹರಿಯುತ್ತೆ, ಮುಂಗುಸಿ ಅಂಗೈಯಗಲದ ಸಂದಿಯಲ್ಲೂ ನುಗ್ಗುತ್ತೆ. ನೈಋತ್ಯಕ್ಕೆ ಸೂರು ಒಂದೂವರೆ ಅಡಿ ಮುಂದೆ ಬರಲಿ. ಭತ್ತದ ಹೊಟ್ಟು ನಾಲ್ಕು ಇಂಚು ಹಾಸಿ, ಒದ್ದೆಯಾದದ್ದು ಆ ದಿನವೇ ತೆಗೆಯಿರಿ. ಒದ್ದೆ ಹಾಸಿನಲ್ಲೇ ಮರಿಗಳಿಗೆ ರಕ್ತಭೇದಿ ಬರೋದು.

ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಡುತ್ತೆ, ಸುಧಾರಿತ ತಳಿ ಸ್ವರ್ಣಧಾರ 180ರ ಆಸುಪಾಸು. ಆದ್ರೆ ಸ್ವರ್ಣಧಾರ ಕಾವಿಗೆ ಕೂರಲ್ಲ, ಕೈ ಆಹಾರವೂ ಬೇಕು. ಎರಡು ನಾಟಿ, ನಾಲ್ಕು ಸ್ವರ್ಣಧಾರ ಇಟ್ರೆ ಮರಿಗೆ ಮರಿ, ಮೊಟ್ಟೆಗೆ ಮೊಟ್ಟೆ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮರಿ ಹುಟ್ಟಿದ 7ನೇ ದಿನ ಲಸೋಟ ಲಸಿಕೆ ಕಣ್ಣಿಗೆ ಒಂದು ಹನಿ, ಎಂಟನೇ ವಾರ ಆರ್2ಬಿ ಚುಚ್ಚುಮದ್ದು. ಲಸಿಕೆ ದೊಡ್ಡ ಸೀಸೆಯಲ್ಲೇ ಬರುತ್ತೆ, ಒಡೆದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಸೇರಿ ಹಾಕಿಸಿ. ಮೊಟ್ಟೆ ಎತ್ತೋದು 5 ವರ್ಷದ ಮಗು ಮಾಡಬಹುದು, ಕೈ ಸೋಪಲ್ಲಿ ತೊಳೆದ ಮೇಲೆ ತಿಂಡಿ.

ಬೇಣದಂಚು:
ಎಲ್ಲರಿಗೂ ತುಂಬಾ ಉಪಕಾರ. ಗ್ಯಾಸ್ ಕೈಬಿಟ್ಟೆವು. ಹಾಗಾದ್ರೆ ಈ ವರ್ಷ ಹಿತ್ತಿಲು, ಕೋಳಿ. ಹಸು ಯಾವಾಗ? ನಮ್ಮ ಬೇಣಕ್ಕೆ ಎರಡು ಹಸು ಸಾಕೋ ಶಕ್ತಿ ಇದೆಯಾ?

ಪಶು ಮಿತ್ರ:
ಬೇಣವನ್ನೇ ಕೇಳಿ. ನವೆಂಬರ್‌ನಲ್ಲಿ ಹುಲ್ಲು ಹಳದಿಗೆ ತಿರುಗಿದಾಗ 10 ಅಡಿಗೆ 10 ಅಡಿ ಹಗ್ಗ ಹಿಡಿದು ಕೊಯ್ದು, ಮೂರು ಬಿಸಿಲು ಒಣಗಿಸಿ ತೂಗಿ. ಗುಂಟೆಗೆ ಅಂಥ 11 ಚೌಕ, 15 ಗುಂಟೆಗೆ 163. ಚೌಕಕ್ಕೆ 2 ಕೆಜಿ ಬಂದ್ರೆ ಒಟ್ಟು 326 ಕೆಜಿ. ಹಾಳೆ ಸೇರಿಸಿದ್ರೆ ಒಂದು ಹಸುವಿಗೆ ಹೆಚ್ಚುಕಮ್ಮಿ ಆಗುತ್ತೆ, ಎರಡಕ್ಕೆ ಆಗಲ್ಲ. ಮೊದಲು ಒಂದೇ ತನ್ನಿ, ಡಿಸೆಂಬರ್‌ನಲ್ಲಿ, ಕರಡ ಅಟ್ಟ ಸೇರಿದ ಮೇಲೆ. ಕಮ್ಮಿ ಬಿದ್ದ ಹುಲ್ಲನ್ನ ಭತ್ತದ ಕೊಯ್ಲು ಮುಗಿದಾಗಲೇ ತೂಕದ ಮೇಲೆ ಕೊಳ್ಳಿ, ಪಿಂಡಿ ಲೆಕ್ಕದಲ್ಲಿ ಬೇಡ.

ಕೊಟ್ಟಿಗೆಮನೆ:
ನಾನಾಗಿದ್ರೆ ಈ ವರ್ಷವೇ ತರ್ತಿದ್ದೆ, ಒಂದು ವರ್ಷದ ಗೊಬ್ಬರ ಸುಮ್ನೆ ಹೋಯ್ತು ಅನ್ನೋದು ಈಗಲೂ ನನ್ನ ಮಾತು. ಆದ್ರೆ ಕರಡ ಕೊಯ್ದು ತರೋದಾದ್ರೆ ಒಂದು ವಿಷಯ ನೆನಪಿರಲಿ. ಒಂದು ಹಿಡಿ ಹುಲ್ಲು ತಗೊಂಡು ಹಿಂಡಿದ ಹಾಗೆ ತಿರುಚಿ. ಚಟಚಟ ಮುರಿದ್ರೆ ಒಣಗಿದೆ, ಹಗ್ಗದ ಹಾಗೆ ಬಾಗಿದ್ರೆ ಇನ್ನೂ ಹಸಿ. ಅಟ್ಟಕ್ಕೆ ಏರಿಸಿ ಐದನೇ ದಿನ ಗೊಣಬೆ ನಡುವಿಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿದ್ರೆ ಅವತ್ತೇ ಪೂರ್ತಿ ಇಳಿಸಿ ಇನ್ನೆರಡು ಬಿಸಿಲು ಕೊಡಿ.