ಹೊಟ್ಟಿನ ಫರ್ನೇಸ್‌ಗೆ ಯಾವ ತಗಡು: 304, 316, 310?

ಪ್ರಶ್ನೆ (ಗಂಗಾವತಿ, ರೈಸ್ ಮಿಲ್ಲಿನವರು):
ಸರ್, ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರ ಸಣ್ಣ ಮಿಲ್ಲು. ಭತ್ತದ ಹೊಟ್ಟು ಉರಿಸಿ ಡ್ರೈಯರ್‌ಗೆ ಬಿಸಿಗಾಳಿ ಕೊಡುತ್ತೇವೆ. ಫರ್ನೇಸ್ ಒಳಗೆ, ಪೈಪುಗಳಿಗೆ ಬೆಂಕಿ ನೇರ ಬಡಿಯದಿರಲಿ ಅಂತ 4 ಅಡಿಯ ಅಡ್ಡ ತಗಡು ಹಾಕಿದ್ದೇವೆ. ಸ್ಟೇನ್‌ಲೆಸ್ ಸ್ಟೀಲಿನ 304 ಗ್ರೇಡ್, ದಪ್ಪ 5 ಮಿ.ಮೀ. ಒಂದೇ ಸುಗ್ಗಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಸುತ್ತಿಗೆಯಲ್ಲಿ ತಟ್ಟಿದರೆ ಕಪ್ಪು ಹಕ್ಕಳೆ ಉದುರುತ್ತದೆ. ಅಂಗಡಿಯವರು "316 ಹಾಕ್ರಿ, ದುಬಾರಿ ಆದ್ರೂ ಗಟ್ಟಿ" ಅಂತಾರೆ. ವೆಲ್ಡರ್ 310 ಅಂತಾನೆ. ಚಾರ್ಟಿನಲ್ಲಿ ನೋಡಿದರೆ 304 ಕೂಡ 925 ಡಿಗ್ರಿ ತಡೆಯುತ್ತೆ ಅಂತಿದೆ. ಮತ್ತೆ ನಮ್ಮದು ಯಾಕೆ ಹೋಯಿತು?

ಉತ್ತರ (ಬಳ್ಳಾರಿ, ಲೋಹ ಪರೀಕ್ಷೆ ಕೆಲಸದವನು):
ಗ್ರೇಡ್ ಆಮೇಲೆ ನೋಡೋಣ. ಮೊದಲು ಮೂರು ಮಾತು ಹೇಳಿ. ಶಾಖ ಅಳೆದಿದ್ದೀರಾ? ದಿನಕ್ಕೆ ಎಷ್ಟು ಸಲ ಆರಿಸುತ್ತೀರಿ? ತಗಡನ್ನು ಹೇಗೆ ಕೂರಿಸಿದ್ದೀರಿ?

ಗಂಗಾವತಿ:
ಅಳೆದಿಲ್ಲ ಸರ್. ಜೋರು ಉರಿಯಲ್ಲಿ ತಗಡು ಕೆಂಪು ದಾಟಿ ಕಿತ್ತಳೆ ಬಣ್ಣಕ್ಕೆ ಬರುತ್ತೆ. ರಾತ್ರಿ ಬಂದ್, ಕರೆಂಟ್ ಹೋದಾಗಲೂ ಬಂದ್. ನಾಲ್ಕೂ ಅಂಚು ಕಬ್ಬಿಣದ ಆ್ಯಂಗಲ್‌ಗೆ ಭದ್ರವಾಗಿ ವೆಲ್ಡ್ ಮಾಡಿಸಿದ್ದೇವೆ.

ಬಳ್ಳಾರಿ:
ಆ "ಭದ್ರ"ದಲ್ಲೇ ಅರ್ಧ ಕೆಟ್ಟಿದೆ. 304 ತಗಡು 800 ಡಿಗ್ರಿಗೆ ಏರಿದರೆ ಮೀಟರಿಗೆ ಸುಮಾರು 14 ಮಿ.ಮೀ. ಬೆಳೆಯುತ್ತದೆ. ನಿಮ್ಮ 4 ಅಡಿಗೆ ಹೆಚ್ಚುಕಡಿಮೆ 17. ಇಟ್ಟಿಗೆ ಮರೆಯಲ್ಲಿರುವ ಆ್ಯಂಗಲ್ ಅಷ್ಟು ಕಾಯಲ್ಲ, ಅಷ್ಟು ಬೆಳೆಯಲ್ಲ. ನಾಲ್ಕೂ ಕಡೆ ಕಟ್ಟಿಹಾಕಿದ ತಗಡು ಇನ್ನೆಲ್ಲಿಗೆ ಹೋಗಬೇಕು? ಹೊಟ್ಟೆ ಉಬ್ಬಿಸುತ್ತದೆ. 310 ಹಾಕಿ ಹೀಗೇ ವೆಲ್ಡ್ ಮಾಡಿದರೂ ಉಬ್ಬುವುದೇ. ಸುಮ್ನೆ ದುಡ್ಡು ದಂಡ.

ಈಗ ಹಕ್ಕಳೆಯ ವಿಷಯ. ಚಾರ್ಟಿನಲ್ಲಿ 304ರ ಮುಂದೆ ಎರಡು ಅಂಕಿ ಇರುತ್ತವೆ, ನೀವು ಒಂದನ್ನೇ ನೋಡಿದ್ದೀರಿ. ಬಿಡದೆ ಉರಿಯುವ ಕಡೆ 925. ಕಾದು ಆರಿ ಮತ್ತೆ ಕಾಯುವ ಕಡೆ 870. ತಗಡನ್ನು ಕಾಪಾಡುವುದು ಮೇಲಿನ ಕ್ರೋಮಿಯಂ ಆಕ್ಸೈಡ್ ಪದರು. ಆರುವಾಗ ಒಳಗಿನ ಲೋಹ ಜಾಸ್ತಿ ಕುಗ್ಗುತ್ತದೆ, ಪದರು ಅಷ್ಟು ಕುಗ್ಗಲ್ಲ, ಬಿರಿದು ಉದುರುತ್ತದೆ. ಮರುದಿನ ಹೊಸ ಪದರು ಕಟ್ಟಲು ಲೋಹವೇ ಸವೆಯಬೇಕು. ದಿನಾ ಹೀಗಾದರೆ 5 ಮಿ.ಮೀ. ಎಷ್ಟು ದಿನ ಬಂದೀತು? (430 ಅನ್ನುವ ಇನ್ನೊಂದು ಸ್ಟೇನ್‌ಲೆಸ್ ಗ್ರೇಡಿಗೆ ಈ ಲೆಕ್ಕ ತಿರುವುಮುರುವು. ಬಿಡದೆ ಉರಿದರೆ 815, ಬಿಟ್ಟು ಬಿಟ್ಟು ಉರಿದರೆ 870. ಅದು ಕಮ್ಮಿ ಹಿಗ್ಗುವ ಜಾತಿ.)

316 ಬೇಡವೇ ಬೇಡ. ಅದರಲ್ಲಿ ಹೆಚ್ಚಿಗೆ ಇರುವುದು ಮಾಲಿಬ್ಡಿನಂ. ಅದು ಉಪ್ಪುನೀರು, ಆಮ್ಲದ ಕಡೆ ಕೆಲಸಕ್ಕೆ ಬರುತ್ತದೆ. ಬೆಂಕಿಗೆ 316ರ ಮಿತಿಯೂ 304ರದ್ದೇ: 870, 925. ಗಾಳಿ ಆಡದ ಮೂಲೆಯಲ್ಲಿ ಆ ಮಾಲಿಬ್ಡಿನಂ ಆಕ್ಸೈಡ್ 795 ಡಿಗ್ರಿಗೇ ಕರಗಿ ತಗಡನ್ನೇ ತಿನ್ನುವುದೂ ಉಂಟು. ಅಂಗಡಿಯವರ ಲೆಕ್ಕದಲ್ಲಿ ದುಬಾರಿ ಎಂದರೆ ಒಳ್ಳೇದು, ಅಷ್ಟೆ.

ಉಳಿದವು ಹೆಚ್ಚು ಶಾಖ ತಡೆಯುವ ಗ್ರೇಡುಗಳು, 309 ಮತ್ತು 310. ಬಿಟ್ಟು ಉರಿಯುವ ಕಡೆ 309ಕ್ಕೆ 980, 310ಕ್ಕೆ 1035. ಹಾಗಾದರೆ 310 ತಗೊಂಡುಬಿಡೋಣ ಅಂತೀರಿ. ತಡೆಯಿರಿ. ಒಂದು ಕಾರ್ಖಾನೆಯಲ್ಲಿ 310 ತಗಡು ಎರಡು ವರ್ಷ 750ರ ಆಸುಪಾಸು ಕೂತಿತ್ತು. ನೋಡಲು ಹೊಸದರ ಹಾಗೇ ಇತ್ತು. ರಿಪೇರಿಗೆ ಅಂತ ತಣ್ಣಗೆ ಮಾಡಿ ಬಿಚ್ಚುವಾಗ ಹುಡುಗರ ಕೈತಪ್ಪಿ ಬಿತ್ತು. ಹಂಚಿನ ಹಾಗೆ ಎರಡು ಹೋಳು. 600ರಿಂದ 900ರ ನಡುವೆ ಬಹಳ ಕಾಲ ಇದ್ದರೆ ಒಳಗೆ ಸಿಗ್ಮಾ ಅನ್ನುವ ಪೆಡಸು ಕಣ ಹುಟ್ಟುತ್ತದೆ. ಬಿಸಿಯಲ್ಲಿ ಗೊತ್ತಾಗಲ್ಲ, ತಣ್ಣಗಾದಾಗ ಪೆಟ್ಟು ತಡೆಯಲ್ಲ. 309ಕ್ಕೂ ಈ ಕಾಯಿಲೆ ಇದೆ, 310ರಷ್ಟಲ್ಲ.

ಮೊದಲು ಒಂದು ಕೆ ಟೈಪ್ ಥರ್ಮೋಕಪಲ್ (ಶಾಖ ಅಳೆಯುವ ಸಾಧನ) ತಗಡಿನ ಹತ್ತಿರ ಇಟ್ಟು ಅಳೆಯಿರಿ. ಕಣ್ಣಿನ ಬಣ್ಣ ನಂಬಿ ಸ್ಟೀಲ್ ಕೊಳ್ಳಬೇಡಿ.

ಸಿಂಧನೂರಿನಿಂದ ಒಬ್ಬರು:
ಅಣ್ಣ, 304 ಅಂತ ಕೊಟ್ಟಿದ್ದೇ 304 ಅಲ್ಲದಿದ್ದರೆ? ನಾವು ಆಯಸ್ಕಾಂತ ಇಟ್ಟು ನೋಡಿ ತರ್ತೀವಿ. ಹಿಡಿಯದಿದ್ದರೆ ಅಸಲಿ ಅಲ್ವಾ?

ಬಳ್ಳಾರಿ:
ಅಲ್ಲ ತಮ್ಮಾ. 202 ಅನ್ನುವ ಅಗ್ಗದ ಸ್ಟೇನ್‌ಲೆಸ್‌ಗೂ ಆಯಸ್ಕಾಂತ ಹಿಡಿಯಲ್ಲ. ಅದರಲ್ಲಿ ನಿಕ್ಕಲ್ ಕಮ್ಮಿ, ಮ್ಯಾಂಗನೀಸ್ ಜಾಸ್ತಿ, ಬೆಲೆಯೂ ಕಮ್ಮಿ. ಬೆಂಕಿಗೆ ಬೇಗ ಸೋಲುತ್ತದೆ. ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್ (ಲೋಹ ಕರಗಿಸಿದ ಸರದಿಯ ಗುರುತು) ತಗಡಿನ ಮೇಲೂ ಇದೆಯಾ ನೋಡಿ. ಅನುಮಾನ ಬಂದರೆ ಲ್ಯಾಬಿನ ಎಕ್ಸ್‌ರೇ ಗನ್ನಿನಲ್ಲಿ ಹಿಡಿಸಿ. ಕ್ರೋಮಿಯಂ, ನಿಕ್ಕಲ್, ಮ್ಯಾಂಗನೀಸ್ ಅರೆಕ್ಷಣದಲ್ಲಿ ತೋರಿಸುತ್ತದೆ. ಕಾರ್ಬನ್ ಮಾತ್ರ ಅದಕ್ಕೆ ಕಾಣಲ್ಲ, ಹಾಗಾಗಿ 304 ಯಾವುದು, ಕಾರ್ಬನ್ ಕಮ್ಮಿ ಇರುವ 304ಎಲ್ ಯಾವುದು ಅಂತ ಅದು ಹೇಳಲಾರದು. ಬೆಂಕಿಯಲ್ಲಿ ಭಾರ ಹೊರುವ ಕಡೆ ಎಲ್ ಬೇಡ, ಕಾರ್ಬನ್ ಕಮ್ಮಿಯಾದಷ್ಟೂ ಬಿಸಿಯಲ್ಲಿ ಬೇಗ ಜೋತುಬೀಳುತ್ತದೆ.

ಗಂಗಾವತಿ (ನಾಲ್ಕು ದಿನ ಬಿಟ್ಟು):
ಸರ್, ಅಳೆದೆವು. ಮಾಮೂಲಿ 820, ಹೊಟ್ಟು ಒಣಗಿದ್ದು ಬಂದರೆ 910ರ ತನಕ ಹೋಗುತ್ತೆ.

ಬಳ್ಳಾರಿ:
ಹಾಗಾದರೆ 309. ನಿಮ್ಮ 910 ಅದರ 980ರ ಒಳಗೇ ಇದೆ, ಮಾಮೂಲಿ 820ರಲ್ಲಿ 310ಕ್ಕೆ ಸಿಗ್ಮಾ ಕಾಟ ಜಾಸ್ತಿ. ಮೇಲಿನ ಅಂಚಿಗೆ ಉದ್ದ ತೂತು ಹೊಡೆಸಿ ಬೋಲ್ಟಿನಲ್ಲಿ ನೇತುಹಾಕಿ, ನಟ್ಟು ಸಡಿಲ ಇರಲಿ. ಉಳಿದ ಮೂರು ಕಡೆ ಬಿಡುವು ಬಿಡಿ. ಎಡ ಬಲ ಸೇರಿ 25 ಮಿ.ಮೀ., ಕೆಳಗೂ ಅಷ್ಟೇ. ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ, ಮರಳಿನ ಹಾಗೆ ಉಜ್ಜುತ್ತದೆ, ಆ ಸಂದಿಯಲ್ಲಿ ತುಂಬಿಯೂ ಕೂರುತ್ತದೆ. ವಾರಕ್ಕೊಮ್ಮೆ ಕೆರೆದು ತೆಗೆಸಿ, ಇಲ್ಲದಿದ್ದರೆ ಬಿಟ್ಟ ಜಾಗ ಬಿಟ್ಟ ಹಾಗಾಗಲ್ಲ.

ಗಂಗಾವತಿ:
ಆಯ್ತು ಸರ್. ವೆಲ್ಡರ್‌ಗೆ ಹೇಳಿದೆ. "ವೆಲ್ಡಿಂಗೇ ಇಲ್ಲ ಅಂದ್ರೆ ನನ್ನನ್ನ ಯಾಕೆ ಕರೆಸಿದ್ರಿ" ಅಂತ ಕೇಳ್ತಾ ಇದ್ದಾನೆ.